ನಮ್ಮೂರಿಗೆ ಬರಲ್ಲ ಅಂದವರು

2023ರ ಡಿಸೆಂಬರ್ 9, ಶನಿವಾರ, ಮಧ್ಯಾಹ್ನ ಹನ್ನೆರಡರ ಹೊತ್ತು. ಮಗಳ ಕನ್ನಡ ಕ್ಲಾಸ್ ಇನ್ನೂ ಬಿಟ್ಟಿರ್ಲಿಲ್ಲ, ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಆ ಸ್ಕೂಲಿನ ಪಾರ್ಕಿಂಗ್ ಜಾಗದಲ್ಲಿ ಕಾರೊಳಗೆ ಕೂತು ಫೋನ್ ನೋಡ್ತಿದ್ದೆ. ಒಂದು ವಾರದಿಂದ ಅದೇ ಆಗಿತ್ತು, ರಾತ್ರಿ ಮಲಗೋ ಮುಂಚೆ ಒಂದ್ಸಲ, ಬೆಳಿಗ್ಗೆ ಹಲ್ಲುಜ್ಜೋ ಮುಂಚೆ ಒಂದ್ಸಲ, ಆಫೀಸಲ್ಲಿ ಲೆಕ್ಕ ಇಲ್ಲ. ಜಪಾನಿನ ಬೇಸ್‌ಬಾಲ್ ಆಟಗಾರ ಶೋಹೇ ಒಟಾನಿ ಯಾವ ಊರಿನ ಟೀಮಿಗೆ ಹೋಗ್ತಾನೆ ಅನ್ನೋದೊಂದೇ ಪ್ರಶ್ನೆ. ಹಿಂದಿನ ದಿನ ಅಂತೂ ಅವನು ಟೊರೊಂಟೊಗೆ ಹೊರಟ ವಿಮಾನದಲ್ಲಿದಾನೆ ಅಂತ ಸುದ್ದಿ ಬಂದು, ಸಾವಿರಾರು ಜನ ಆ ವಿಮಾನದ ಚುಕ್ಕಿ ಮ್ಯಾಪ್ ಮೇಲೆ ಹೋಗೋದನ್ನೇ ನೋಡ್ತಾ ಕೂತಿದ್ರು, ಕೊನೆಗೆ ಇಳಿದೋರು ಕೆನಡಾದ ಒಬ್ಬ ಉದ್ಯಮಿ. ಅಂದ್ರೆ ಇನ್ನೂ ಚಾನ್ಸ್ ಇದೆ, ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ಗೆ ಬಂದ್ರೂ ಬರಬಹುದು ಅಂತ ರಾತ್ರಿ ಎಲ್ಲಾ ಅಂದ್ಕೊಂಡಿದ್ದೆ.

ಅವನ ಇನ್‌ಸ್ಟಾಗ್ರಾಮಲ್ಲಿ ಒಂದು ಚಿತ್ರ ಬಂತು. ಅವನ ಮುಖ ಅಲ್ಲ, ನೀಲಿ ಬಣ್ಣದ ಡಾಡ್ಜರ್ಸ್ ಲೋಗೋ.

ಲಾಸ್ ಏಂಜಲೀಸ್. ಹತ್ತು ವರ್ಷ, 700 ಮಿಲಿಯನ್ ಡಾಲರ್.

ಎರಡು ನಿಮಿಷದಲ್ಲಿ ತಮ್ಮನ ಮೆಸೇಜ್ ಬಂತು. ತಮ್ಮ ಅಂದ್ರೆ ಚಿಕ್ಕಪ್ಪನ ಮಗ, ಲಾಸ್ ಏಂಜಲೀಸ್ ಹತ್ರದ ಅರ್ವೈನ್‌ನಲ್ಲಿದಾನೆ, ಡಾಡ್ಜರ್ಸ್ ಅಂದ್ರೆ ಪ್ರಾಣ. "ಅಣ್ಣಾ ನೋಡಿದ್ಯಾ" ಅಂತ ಮಾತ್ರ ಹಾಕಿದ್ದ. ಮುಂದೆ ಏನೂ ಬರೀಲಿಲ್ಲ ಪಾಪ, ನನಗೆ ಬೇಜಾರಾಗತ್ತೆ ಅಂತ ಅವನಿಗೂ ಗೊತ್ತು. ಅಷ್ಟರಲ್ಲಿ ಮಗಳು ಬ್ಯಾಗ್ ಎಳ್ಕೊಂಡು ಬಂದು ಹಿಂದಿನ ಸೀಟಲ್ಲಿ ಕೂತು, ನನ್ನ ಮುಖ ಕನ್ನಡಿಯಲ್ಲಿ ನೋಡಿ, "ಬರಲ್ವಂತಾ?" ಅಂದ್ಲು. ಆಗ ಅವಳಿಗೆ ಹತ್ತು ವರ್ಷ. ಇಲ್ಲ ಕಣೋ ಪುಟ್ಟಾ ಅಂದೆ. "ಯಾಕೆ, ನಮ್ಮೂರಿಗೇನಾಗಿದೆ?" ಅಂದ್ಲು. ಅವಳಿಗೆ ನಮ್ಮೂರು ಅಂದ್ರೆ ಇದೇ, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಈ ಬೇ ಏರಿಯಾ. ನನಗೆ ಉತ್ತರ ಹೊಳೀಲಿಲ್ಲ, ಕಾರ್ ಸ್ಟಾರ್ಟ್ ಮಾಡಿದೆ.

ಆ ಪ್ರಶ್ನೆ ಅವತ್ತಿಂದ ತಲೇಲೇ ಉಳಿದಿದೆ, ಅದಕ್ಕೇ ಇದನ್ನ ಬರೀತಿದೀನಿ.

ಬೇಸ್‌ಬಾಲ್ ನೋಡದವರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಇಲ್ಲಿ ಸೀಸನ್ ಮಾರ್ಚ್ ಕೊನೆಗೆ ಶುರುವಾಗಿ ಸೆಪ್ಟೆಂಬರ್ ತನಕ ಹೆಚ್ಚುಕಮ್ಮಿ ದಿನಾ ಆಟ, ಒಂದು ಟೀಮಿಗೆ 162 ಮ್ಯಾಚ್. ಅಕ್ಟೋಬರಲ್ಲಿ ಪ್ಲೇಆಫ್, ಅಲ್ಲಿಂದ ಫೆಬ್ರವರಿ ಮಧ್ಯದ ತನಕ ಏನೂ ಇಲ್ಲ. ಆ ಖಾಲಿ ತಿಂಗಳುಗಳಲ್ಲೇ ಆಟಗಾರರು ಟೀಮ್ ಬದಲಾಯಿಸೋದು. ಹಳೇ ಕಾಲದಲ್ಲಿ ಚಳಿಗೆ ಒಲೆ ಸುತ್ತ ಕೂತು ಯಾರು ಬರ್ತಾರೆ ಯಾರು ಹೋಗ್ತಾರೆ ಅಂತ ಮಾತಾಡ್ತಿದ್ರಂತೆ, ಅದಕ್ಕೇ ಈ ಕಾಲಕ್ಕೆ ಹಾಟ್ ಸ್ಟೋವ್ ಅಂತಾನೇ ಹೆಸರು. ನಮ್ಮ ಕಡೆ ಜಗಲಿ ಮೇಲೆ ಕೂತು ಎಲೆಕ್ಷನ್ ಟಿಕೆಟ್ ಯಾರಿಗೆ ಅಂತ ಮಾತಾಡೋದಿಲ್ವಾ, ಅದೇ ಥರ. ನಿಜ ಹೇಳ್ಬೇಕಂದ್ರೆ ಆಟ ನಡೀತಿರುವಾಗ ಆಗೋದಕ್ಕಿಂತ ಜಾಸ್ತಿ ಹೊಟ್ಟೆ ಉರಿ ನನಗೆ ಡಿಸೆಂಬರಲ್ಲೇ ಆಗೋದು. ಸೋತ್ರೆ ನಾಳೆ ಇನ್ನೊಂದು ಮ್ಯಾಚ್ ಇದೆ ಅನ್ನಬಹುದು, ಆದ್ರೆ ಒಬ್ಬ ದೊಡ್ಡ ಆಟಗಾರ ನಿಮ್ಮೂರು ಬೇಡ ಅಂದ್ರೆ ಅದು ಹತ್ತು ವರ್ಷದ ಮಾತು.

ಐಪಿಎಲ್ ಹರಾಜು ನೋಡಿ ಬೆಳೆದವರಿಗೆ ಇದು ಅಷ್ಟು ಬೇಗ ಅರ್ಥ ಆಗಲ್ಲ, ನನಗೂ ಆಗಿರ್ಲಿಲ್ಲ. ಹರಾಜಲ್ಲಿ ಆಟಗಾರ ಎಲ್ಲೋ ಟಿವಿ ಮುಂದೆ ಕೂತಿರ್ತಾನೆ, ಇವರು ಇಲ್ಲಿ ಪ್ಯಾಡಲ್ ಎತ್ತುತಾರೆ, ಸುತ್ತಿಗೆ ಬಿದ್ದ ಕಡೆ ಅವನು ಹೋಗ್ಬೇಕು. 2024ರ ನವೆಂಬರಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಲ್ಲಿ ಮೊದಲೇ ಉಳಿಸ್ಕೊಂಡವರ ದುಡ್ಡೂ ಸೇರಿ ಎಲ್ಲಾ ಟೀಮಿಗೂ ಒಟ್ಟು 120 ಕೋಟಿ, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಇಲ್ಲ. ನಮ್ಮ ಬೆಂಗಳೂರು ಹುಡುಗ ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿ ಪಾಲಾದ, ಅದಕ್ಕೆ ನಾವು ಆರ್‌ಸಿಬಿ ಮ್ಯಾನೇಜ್‌ಮೆಂಟನ್ನ ಬೈದ್ವಿ, ರಾಹುಲ್‌ನ ಯಾರೂ ಬೈಲಿಲ್ಲ. ಬೈಯೋಕೆ ಅವನೇನು ಮಾಡಿದ್ದ? ಅವನನ್ನ ಕೇಳಿದವರು ಯಾರು?

ಇಲ್ಲಿ ಹಾಗಲ್ಲ. ಮೇಜರ್ ಲೀಗಲ್ಲಿ ಆರು ವರ್ಷ ಸರ್ವೀಸ್ ಮುಗಿಸಿದ ಆಟಗಾರ, ಕಾಂಟ್ರಾಕ್ಟ್ ಮುಗೀತು ಅಂದ್ರೆ ಫ್ರೀ ಏಜೆಂಟ್. ಟೀಮುಗಳು ಅವನ ಮನೆ ಬಾಗಿಲಿಗೆ ಹೋಗ್ಬೇಕು. ಸ್ಟೇಡಿಯಂ ತೋರಿಸ್ತಾರೆ, ಊರು ತೋರಿಸ್ತಾರೆ, ಹೆಂಡತಿ ಮಕ್ಕಳಿಗೆ ಏನು ಅನುಕೂಲ ಅಂತ ಹೇಳ್ತಾರೆ. ಆಮೇಲೆ ಅವನು ಯೋಚನೆ ಮಾಡಿ ಹೇಳ್ತಾನೆ. ಗಂಡಿನ ಕಡೆಯವರು ಬಂದು ಉಪ್ಪಿಟ್ಟು ಕೇಸರಿಬಾತ್ ತಿಂದು, ಊರಿಗೆ ಹೋಗಿ ಕಾಗದ ಹಾಕ್ತೀವಿ ಅಂತ ಹೇಳಿ, ಕೊನೆಗೆ ಪಕ್ಕದ ಬೀದಿ ಸಂಬಂಧ ಒಪ್ಪಿಕೊಂಡ್ರೆ ಹೆಣ್ಣಿನ ಮನೇಲಿ ಹೇಗಿರತ್ತೋ ಹಾಗಿರತ್ತೆ ಇದು. ಅದೂ ಪಕ್ಕದ ಬೀದಿ ಅಂದ್ರೆ ಸಾಮಾನ್ಯ ಬೀದಿ ಅಲ್ಲ, ನೂರು ವರ್ಷಕ್ಕೂ ಮೇಲ್ಪಟ್ಟ ಹಗೆ ಇರೋ ಬೀದಿ.

ದುಡ್ಡಿಗೆ ಹೋದ ಅಂದ್ಕೊಂಡ್ರೆ ಸಮಾಧಾನ ಮಾಡ್ಕೋಬಹುದು. ಆದ್ರೆ ಒಟಾನಿಗೆ ಜೈಂಟ್ಸ್ ಕೂಡ ಹೆಚ್ಚುಕಮ್ಮಿ ಅದೇ ಲೆಕ್ಕದ ಆಫರ್ ಇಟ್ಟಿದ್ರು ಅಂತ ಆಗ ಬೇಸ್‌ಬಾಲ್ ವಿಭಾಗದ ಪ್ರೆಸಿಡೆಂಟ್ ಆಗಿದ್ದ ಫರ್ಹಾನ್ ಜೈದಿ ಆಮೇಲೆ ಹೇಳಿದ್ರು. ಆ 700 ಮಿಲಿಯನ್‌ನಲ್ಲಿ 680 ಮಿಲಿಯನ್ ಆಟ ಆಡೋ ಹತ್ತು ವರ್ಷದಲ್ಲಿ ಅವನು ತಗೊಳ್ಳೋದೇ ಇಲ್ಲ, ವರ್ಷಕ್ಕೆ 2 ಮಿಲಿಯನ್ ಮಾತ್ರ, ಉಳಿದದ್ದು 2034ರಿಂದ 2043ರ ತನಕ, ಅದೂ ಬಡ್ಡಿ ಇಲ್ಲದೆ. ಟೀಮಿಗೆ ಬೇರೆ ಒಳ್ಳೆ ಆಟಗಾರರನ್ನ ತರೋಕೆ ಕೈ ಬಿಡುವಾಗಿರಲಿ ಅಂತ. ಅಷ್ಟು ಬಿಟ್ಟುಕೊಟ್ಟು ಆ ಊರಿಗೆ ಹೋದ ಅಂದ್ರೆ ಅಲ್ಲಿ ಗೆಲ್ತೀನಿ ಅನ್ನೋ ನಂಬಿಕೆ ಇತ್ತು, ಇಲ್ಲಿ ಇರ್ಲಿಲ್ಲ. ಜಪಾನಿನ ಇನ್ನೊಬ್ಬ ಆಟಗಾರ, ಬಾಲ್ ಎಸೆಯೋ ಪಿಚರ್ ರೋಕಿ ಸಸಾಕಿ ವಿಷಯ ಇನ್ನೂ ಸ್ಪಷ್ಟ. 2025ರ ಜನವರಿ, ಅವನಿಗಿನ್ನೂ 25 ತುಂಬಿರ್ಲಿಲ್ಲ, ರೂಲ್ಸ್ ಪ್ರಕಾರ ಯಾವ ಟೀಮೂ ದೊಡ್ಡ ಮೊತ್ತ ಕೊಡೋ ಹಾಗಿಲ್ಲ, ಕೊನೆಗೆ ಅವನಿಗೆ ಸಿಕ್ಕಿದ್ದು ಆರೂವರೆ ಮಿಲಿಯನ್. ಜೈಂಟ್ಸ್ ಅವನನ್ನ ಭೇಟಿ ಮಾಡಿದ್ರು, ಕೊನೇ ಮೂರರ ಲಿಸ್ಟಿಗೂ ಬರ್ಲಿಲ್ಲ. ಅವನೂ ಲಾಸ್ ಏಂಜಲೀಸ್‌ಗೇ ಹೋದ. ಅದಕ್ಕೆ ಮುಂಚೆ ಜಪಾನಿನದೇ ಪಿಚರ್ ಯಮಮೋಟೊ, ಹನ್ನೆರಡು ವರ್ಷ 325 ಮಿಲಿಯನ್, ಅವನೂ ಅಲ್ಲಿಗೇ. 2025ರ ವರ್ಲ್ಡ್ ಸೀರೀಸಲ್ಲಿ, ಅಂದ್ರೆ ಏಳು ಮ್ಯಾಚ್ ತನಕ ಹೋಗೋ ಫೈನಲಲ್ಲಿ, ಟೊರೊಂಟೊ ಮೇಲೆ ಮೂರು ಮ್ಯಾಚ್ ಗೆದ್ದು ಎಂವಿಪಿ, ಅಂದ್ರೆ ಸರಣಿಯ ಶ್ರೇಷ್ಠ ಆಟಗಾರ, ಆದವನು ಅವನೇ.

2022ರ ಡಿಸೆಂಬರ್ ನೆನೆಸಿಕೊಂಡ್ರೆ ಈಗ್ಲೂ ಸಂಕಟ ಆಗತ್ತೆ. ಆರನ್ ಜಡ್ಜ್, ಸ್ಟಾಕ್‌ಟನ್ ಪಕ್ಕದ ಲಿಂಡನ್ ಅನ್ನೋ ಸಣ್ಣ ಊರಿನ ಹುಡುಗ, ಚಿಕ್ಕಂದಿನಲ್ಲಿ ಜೈಂಟ್ಸ್ ಫ್ಯಾನ್. ಅವನು ಜೈಂಟ್ಸ್‌ಗೆ ಬರೋ ಹಾಗಿದೆ ಅಂತ ಒಬ್ಬ ಹೆಸರಾಂತ ರಿಪೋರ್ಟರ್ ಟ್ವೀಟ್ ಮಾಡಿಬಿಟ್ರು, ಅವಸರದಲ್ಲಿ ಹೆಸರಿನ ಸ್ಪೆಲ್ಲಿಂಗೂ ತಪ್ಪು. ನಾನು ಆಫೀಸಲ್ಲಿ ಎದ್ದು ನಿಂತುಬಿಟ್ಟಿದ್ದೆ. ಕೆಲವೇ ನಿಮಿಷದಲ್ಲಿ ಇಲ್ಲ ಅಂತ ವಾಪಸ್ ತಗೊಂಡ್ರು, ಮಾರನೇ ದಿನ ಬೆಳಿಗ್ಗೆ ಅವನು ತನ್ನ ಟೀಮ್ ನ್ಯೂಯಾರ್ಕ್ ಯಾಂಕೀಸ್‌ಗೆ, ಒಂಬತ್ತು ವರ್ಷ 360 ಮಿಲಿಯನ್‌ಗೆ ವಾಪಸ್. ಅದಾಗಿ ಒಂದು ವಾರಕ್ಕೆ ಕಾರ್ಲೋಸ್ ಕೊರೆಯಾ ಅನ್ನೋ ಆಟಗಾರ ಜೈಂಟ್ಸ್‌ಗೆ ಬರೋಕೆ ಒಪ್ಕೊಂಡ, ಹದಿಮೂರು ವರ್ಷ 350 ಮಿಲಿಯನ್, ಪ್ರೆಸ್ ಮೀಟ್‌ಗೆ ಟೈಮ್ ಇಟ್ಟಿದ್ರು, ಅದೇ ದಿನ ಬೆಳಿಗ್ಗೆ ಹಳೇ ಕಾಲಿನ ಗಾಯದ ಬಗ್ಗೆ ಡಾಕ್ಟರುಗಳಿಗೆ ಅನುಮಾನ ಬಂದು ಪ್ರೆಸ್ ಮೀಟ್ ಕ್ಯಾನ್ಸಲ್. ಅವನು ನ್ಯೂಯಾರ್ಕ್ ಮೆಟ್ಸ್ ಕಡೆ ಹೋದ, ಅವರ ಡಾಕ್ಟರುಗಳಿಗೂ ಅದೇ ಅನುಮಾನ, ಕೊನೆಗೆ ಮಿನ್ನೆಸೋಟಾಗೆ ವಾಪಸ್. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ಒಂದೇ ತಿಂಗಳಲ್ಲಿ ಎರಡು ಸಲ.

ಒಟಾನಿ ವಿಷಯ ಆದ್ಮೇಲೆ ಬಸ್ಟರ್ ಪೋಸಿ ಒಂದು ಮಾತು ಹೇಳಿದ್ರು. ಪೋಸಿ ಅಂದ್ರೆ ನಮಗೆ ದೇವರ ಸಮಾನ, 2010, 2012, 2014 ಮೂರೂ ಸಲ ಕಪ್ ಗೆದ್ದಾಗ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ), ಆಗ ಟೀಮಿನ ಮಾಲೀಕರಲ್ಲಿ ಒಬ್ಬರಾಗಿದ್ರು. ಆಟಗಾರರು, ಅವರ ಹೆಂಡತಿಯರು ಕೂಡ, ಸ್ಯಾನ್ ಫ್ರಾನ್ಸಿಸ್ಕೋ ಊರಿನ ಸ್ಥಿತಿ ಬಗ್ಗೆ, ಕ್ರೈಮ್ ಬಗ್ಗೆ, ಡ್ರಗ್ಸ್ ಬಗ್ಗೆ ಹಿಂಜರೀತಾರೆ ಅನ್ನೋ ಅರ್ಥದಲ್ಲಿ ಹೇಳಿದ್ರು. ಊರಲ್ಲಿ ದೊಡ್ಡ ಗಲಾಟೆ ಆಯ್ತು. ಕೆಲವರು ಸತ್ಯ ಹೇಳಿದ್ರು ಅಂದ್ರು, ಕೆಲವರು ಟೀಮ್ ಸರಿ ಇಲ್ದೇ ಇರೋದಕ್ಕೆ ಊರಿನ ಮೇಲೆ ಹಾಕ್ತಾರೆ ಅಂದ್ರು. ನನಗೆ ನೋವಾಗಿದ್ದು ಬೇರೆ ಕಾರಣಕ್ಕೆ. ಈ ಊರನ್ನ ನಾನು ಕಾಲಲ್ಲಿ ನಡೆದು ನೋಡಿದೀನಿ. ಫ್ರೀಮಾಂಟಿಂದ ಬಾರ್ಟ್ ರೈಲು ಹತ್ತಿ ಎಂಬಾರ್ಕಡೆರೋದಲ್ಲಿ ಇಳಿದು, ಅಲ್ಲಿಂದ ಸ್ಟೇಡಿಯಂಗೆ ನೀರಿನ ಪಕ್ಕದಲ್ಲೇ ಒಂದೂವರೆ ಮೈಲಿ ನಡೀತೀವಿ ನಾವು. ತಲೆ ಮೇಲೆ ಬೇ ಬ್ರಿಡ್ಜ್, ಎಡಕ್ಕೆ ಸಮುದ್ರದ ಗಾಳಿ, ಮೇ ತಿಂಗಳಲ್ಲೂ ಸ್ವೆಟರ್ ಬೇಕು. ಎಲ್ಲಾ ವಯಸ್ಸಿನವರೂ ಕಿತ್ತಳೆ ಬಣ್ಣದ ಅಂಗಿ ಹಾಕ್ಕೊಂಡು ಒಂದೇ ದಿಕ್ಕಿಗೆ ಹೋಗ್ತಿರ್ತಾರೆ. ಮಗಳನ್ನ ಹೆಗಲ ಮೇಲೆ ಕೂರಿಸ್ಕೊಂಡು ನಡೆದ ದಾರಿ ಅದು. ರಸ್ತೆ ಮೇಲೆ ಮಲಗಿರೋರನ್ನೂ ನೋಡಿದೀನಿ, ಇಲ್ಲ ಅನ್ನಲ್ಲ, ಅದರ ಬಗ್ಗೆ ನನಗೂ ದುಃಖ ಇದೆ. ಆದ್ರೆ ಊರು ಅಂದ್ರೆ ಅದೊಂದೇ ಅಲ್ಲ, ಬಂದು ಒಂದು ವಾರ ಇದ್ದಿದ್ರೆ ಗೊತ್ತಾಗಿರೋದು ಅನ್ಸತ್ತೆ.

ಹೀಗೆಲ್ಲಾ ಅಂದ್ಕೊಳ್ಳೋವಾಗಲೇ ಒಂದು ಮಾತು ಒಳಗಿಂದ ಏಳತ್ತೆ. ಇವರನ್ನ ಬೈಯೋಕೆ ನಾನ್ಯಾರು? ನಾನೂ ಊರು ಬಿಟ್ಟು ಬಂದವನೇ ಅಲ್ವಾ?

2010ರ ಆಗಸ್ಟಲ್ಲಿ ಮೈಸೂರು ಬಿಟ್ಟೆ. ಅಪ್ಪ ರೈಲ್ವೆ ಸ್ಟೇಷನ್ ತನಕ ಬಂದಿದ್ರು, ಏನೂ ಮಾತಾಡ್ಲಿಲ್ಲ, ಚಾಮುಂಡಿ ಎಕ್ಸ್‌ಪ್ರೆಸ್ ಹೊರಡೋ ಹೊತ್ತಿಗೆ "ಅಲ್ಲಿ ಊಟಕ್ಕೇನು ಮಾಡ್ತೀಯೋ" ಅಂತ ಕೇಳಿದ್ರು. ಮೈಸೂರಲ್ಲೇ ಇನ್ನೊಂದು ಕೆಲಸ ಇತ್ತು, ಸಂಬಳ ಕಮ್ಮಿ. ಯೋಚನೆ ಮಾಡಿದೆ, ಹೋಲಿಸಿದೆ, ಈ ಊರು ಆರಿಸ್ಕೊಂಡೆ. ನಮ್ಮ ಮೈಸೂರಿಗೇನಾಗಿದೆ ಅಂತ ಅಪ್ಪನೂ ಮನಸ್ಸಲ್ಲಿ ಕೇಳ್ಕೊಂಡಿರ್ತಾರೆ, ನನ್ನ ಹತ್ರ ಒಂದು ದಿನಾನೂ ಕೇಳ್ಲಿಲ್ಲ.

ಬಂದ ಮೂರೇ ತಿಂಗಳಿಗೆ ಜೈಂಟ್ಸ್ ವರ್ಲ್ಡ್ ಸೀರೀಸ್ ಗೆದ್ರು. 1958ರಲ್ಲಿ ಈ ಊರಿಗೆ ಬಂದ ಟೀಮಿಗೆ ಇಲ್ಲಿ ಮೊದಲನೇ ಕಪ್, ಐವತ್ತೆರಡು ವರ್ಷ ಆದ್ಮೇಲೆ. ನನಗೆ ಸ್ಟ್ರೈಕ್ ಅಂದ್ರೇನು ಬಾಲ್ ಅಂದ್ರೇನು ಗೊತ್ತಿರ್ಲಿಲ್ಲ, ಮೆರವಣಿಗೆ ದಿನ ಆಫೀಸಿನವರು ಎಳ್ಕೊಂಡು ಹೋದ್ರು. ಅಲ್ಲಿ ಒಬ್ಬ ವಯಸ್ಸಾದವರು ಫುಟ್‌ಪಾತ್ ಮೇಲೆ ನಿಂತು ಒಂದು ಹಳೇ ಫೋಟೋ ಎದೆಗೆ ಹಿಡ್ಕೊಂಡು ಅಳ್ತಿದ್ರು, ಅವರ ಅಪ್ಪಂದಿರಬೇಕು. ಹೊಸ ಊರಲ್ಲಿ ಯಾರೂ ಇಲ್ಲದ ನನಗೆ ಆ ಮನುಷ್ಯನ ಅಳು ನೋಡಿ ಕಣ್ಣು ತುಂಬಿ ಬಂತು. ಆರ್‌ಸಿಬಿ ಗೆದ್ದ ದಿನ, 2025ರ ಜೂನ್ 3, ಹದಿನೆಂಟನೇ ವರ್ಷಕ್ಕೆ, ನನಗೆ ಮೊದಲು ನೆನಪಾಗಿದ್ದು ಅವರೇ.

ಆಮೇಲೆ ನನ್ನ ಆರು ವರ್ಷ ಶುರುವಾಯ್ತು. ಎಚ್-1ಬಿ ವೀಸಾ ಮೂರು ಪ್ಲಸ್ ಮೂರು, ಆರು ವರ್ಷ. ಕಂಪ್ನಿ ಬದಲಾಯಿಸಬಹುದು ಅಂತ ಕಾಗದದ ಮೇಲೆ ಇದೆ, ಆದ್ರೆ ಗ್ರೀನ್ ಕಾರ್ಡ್ ಪ್ರಾಸೆಸ್ ಅರ್ಧದಲ್ಲಿರುವಾಗ ಬಿಡೋಕೆ ಧೈರ್ಯ ಬರಲ್ಲ. ನಾನಿದ್ದ ಕಡೆ ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು. ಪಕ್ಕದ ಸೀಟಿನವನಿಗೆ ಅದೇ ಕೆಲಸಕ್ಕೆ ಜಾಸ್ತಿ ಸಂಬಳ, ನನಗೆ ಪ್ರತಿ ವರ್ಷ ಮುಂದಿನ ವರ್ಷ ನೋಡೋಣ. ಆ ದಿನಗಳಲ್ಲೇ ನಾನು ಕರ್ಟ್ ಫ್ಲಡ್ ಅನ್ನೋ ಹಳೇ ಬೇಸ್‌ಬಾಲ್ ಆಟಗಾರನ ಬಗ್ಗೆ ಓದಿದ್ದು, ಓದಿ ರಾತ್ರಿ ನಿದ್ದೆ ಬರ್ಲಿಲ್ಲ.

ಫ್ಲಡ್ ನಮ್ಮ ಪಕ್ಕದ ಓಕ್ಲೆಂಡಲ್ಲಿ ಬೆಳೆದ ಹುಡುಗ. ಸೇಂಟ್ ಲೂಯಿಸ್ ಟೀಮಿಗೆ ಹನ್ನೆರಡು ವರ್ಷ ಆಡಿದ. 1969ರಲ್ಲಿ ಅವನನ್ನ ಒಂದು ಮಾತೂ ಕೇಳದೆ ಫಿಲಡೆಲ್ಫಿಯಾಗೆ ಟ್ರೇಡ್ ಮಾಡಿದ್ರು. ಆಗಿನ ಕಾಂಟ್ರಾಕ್ಟ್ ಪ್ರಕಾರ ಆಟಗಾರ ಜೀವನಪೂರ್ತಿ ಟೀಮಿನ ಸೊತ್ತು, ಅವರು ಇಟ್ಕೊಂಡ್ರೆ ಇರ್ಬೇಕು, ಮಾರಿದ್ರೆ ಹೋಗ್ಬೇಕು. ಫ್ಲಡ್ ಹೋಗಲ್ಲ ಅಂದ. ಕ್ರಿಸ್‌ಮಸ್ ಹಿಂದಿನ ದಿನ ಕಮಿಷನರ್‌ಗೆ ಕಾಗದ ಬರೆದ, ನಾನು ಕೊಂಡು ಮಾರೋ ವಸ್ತು ಅಲ್ಲ ಅಂತ. ಕೇಸ್ ಸುಪ್ರೀಂ ಕೋರ್ಟ್ ತನಕ ಹೋಯ್ತು, 1972ರಲ್ಲಿ ಸೋತ. ಅವನ ಆಟ ಅಲ್ಲಿಗೇ ಮುಗಿದಿತ್ತು. ಮೂರು ವರ್ಷ ಆದ್ಮೇಲೆ, 1975ರ ಡಿಸೆಂಬರಲ್ಲಿ, ಬೇರೆ ಇಬ್ಬರು ಪಿಚರ್‌ಗಳ ವಿಷಯದಲ್ಲಿ ಬಂದ ತೀರ್ಪಿಂದ ಆ ಬೀಗ ಒಡೀತು, ಇವತ್ತಿನ ಫ್ರೀ ಏಜೆಂಟ್ ಅನ್ನೋ ಪದಕ್ಕೆ ಅರ್ಥ ಬಂತು. ಫ್ಲಡ್‌ಗೆ ಅದರಿಂದ ಒಂದು ಡಾಲರ್ ಸಿಗ್ಲಿಲ್ಲ.

ಇಷ್ಟೆಲ್ಲಾ ತಿಳ್ಕೊಂಡ್ಮೇಲೆ ಒಟಾನಿಗೆ ನೀನು ಇಲ್ಲಿಗೇ ಬರ್ಬೇಕಿತ್ತು ಅಂತ ಹೇಗೆ ಹೇಳೋದು? ಆರಿಸ್ಕೊಳ್ಳೋ ಹಕ್ಕು ಇರ್ಬೇಕು ಅಂತ ಮನಸಾರೆ ಒಪ್ತೀನಿ, ಆ ಹಕ್ಕಿಂದ ನನ್ನೂರಿಗೆ ಬೇಡ ಅಂದ್ರೆ ಹೊಟ್ಟೇಲಿ ಉರಿಯತ್ತೆ. ಎರಡೂ ನಿಜ. ಒಂದರಿಂದ ಇನ್ನೊಂದು ಕಮ್ಮಿ ಆಗಲ್ಲ, ನಾನು ಪ್ರಯತ್ನ ಮಾಡಿ ನೋಡಿದೀನಿ.

ತಮ್ಮನ ಜೊತೆ ಈ ಜಗಳ ಹದಿಮೂರು ವರ್ಷದ್ದು. ನಿಮ್ಮ ಟೀಮಿಗೆ ದುಡ್ಡಿನ ಮದ ಅಂತೀನಿ ನಾನು. ಸುಳ್ಳಲ್ಲ, 2013ರಲ್ಲಿ ಡಾಡ್ಜರ್ಸ್ ಮಾಡ್ಕೊಂಡ ಟಿವಿ ಒಪ್ಪಂದ 25 ವರ್ಷಕ್ಕೆ 8.35 ಬಿಲಿಯನ್, ಈ ಲೀಗಲ್ಲಿ ಐಪಿಎಲ್ ಥರ ಗಟ್ಟಿ ಮಿತಿ ಇಲ್ಲ, ಒಂದು ಗೆರೆ ದಾಟಿದ್ರೆ ಟ್ಯಾಕ್ಸ್ ಕಟ್ಬೇಕು ಅಷ್ಟೇ, ಅವರು ಕಟ್ತಾರೆ. ಅವನು ಹೇಳ್ತಾನೆ, "ಅಣ್ಣಾ, ನಿಮ್ಮೋರ ಹತ್ರ ದುಡ್ಡಿಲ್ವಾ? ಬಾಂಡ್ಸ್‌ನ ಕರ್ಕೊಂಡು ಬಂದಾಗ ಎಲ್ಲಿತ್ತು?" ಅದೂ ಸರಿಯೇ. 1992ರಲ್ಲಿ ಜೈಂಟ್ಸ್ ಟೀಮನ್ನ ಫ್ಲೋರಿಡಾಗೆ ಮಾರೋದೇ ಆಗಿತ್ತು, ಕೊನೇ ಗಳಿಗೇಲಿ ಊರಿನವರು ಸೇರಿ ಉಳಿಸ್ಕೊಂಡ್ರು, ಅದೇ ಡಿಸೆಂಬರಲ್ಲಿ ಬ್ಯಾರಿ ಬಾಂಡ್ಸ್‌ಗೆ ಆರು ವರ್ಷಕ್ಕೆ 43.75 ಮಿಲಿಯನ್ ಕೊಟ್ರು, ಆ ಕಾಲಕ್ಕೆ ಅದಕ್ಕಿಂತ ದೊಡ್ಡ ಕಾಂಟ್ರಾಕ್ಟ್ ಇರ್ಲಿಲ್ಲ. ಬಾಂಡ್ಸ್ ಬೆಳೆದಿದ್ದು ಇಲ್ಲೇ ಸ್ಯಾನ್ ಕಾರ್ಲೋಸಲ್ಲಿ, ಅಪ್ಪ ಇದೇ ಟೀಮಿಗೆ ಆಡಿದ್ದ, ಗಾಡ್‌ಫಾದರ್ ಜೈಂಟ್ಸ್‌ನ ದೊಡ್ಡ ಆಟಗಾರ ವಿಲ್ಲಿ ಮೇಸ್. ಮನೆಗೆ ವಾಪಸ್ ಬಂದ ಹಾಗೆ ಬಂದ. 1993ರಲ್ಲಿ 103 ಮ್ಯಾಚ್ ಗೆದ್ದೂ ಪ್ಲೇಆಫ್‌ಗೆ ಹೋಗ್ಲಿಲ್ಲ, ಕೊನೇ ದಿನ ಸೋಲಿಸಿದ್ದು ಯಾರು ಅಂದ್ರೆ ಡಾಡ್ಜರ್ಸ್, 12-1. ನಾನು ಆಗ ಮೈಸೂರಲ್ಲಿ ಸ್ಕೂಲಲ್ಲಿದ್ದೆ, ಆದ್ರೂ ಈಗ ಅದನ್ನ ಓದಿದ್ರೆ ನಿನ್ನೆ ಮೊನ್ನೆ ಆದ ಹಾಗೆ ಕೋಪ ಬರತ್ತೆ.

ಈ ಎರಡು ಊರಿನ ಹಗೆ ಈ ಊರುಗಳದ್ದೇ ಅಲ್ಲ ಅನ್ನೋದು ನನಗೆ ಬಹಳ ಇಷ್ಟವಾದ ಸಂಗತಿ. ಇದು ನ್ಯೂಯಾರ್ಕಲ್ಲಿ ಹುಟ್ಟಿದ್ದು. ಡಾಡ್ಜರ್ಸ್ ಬ್ರೂಕ್ಲಿನ್‌ನವರು, ಜೈಂಟ್ಸ್ ಮ್ಯಾನ್‌ಹಟನ್‌ನವರು. ಎರಡೂ 1957ರ ಸೀಸನ್ ಮುಗಿಸಿ ಮೂರು ಸಾವಿರ ಮೈಲಿ ದೂರ ಬಂದ್ರು, ಹಗೆಯನ್ನೂ ಪೆಟ್ಟಿಗೇಲಿ ಹಾಕ್ಕೊಂಡು ಬಂದ್ರು. 1958ರ ಏಪ್ರಿಲ್ 15ಕ್ಕೆ ಇಲ್ಲಿ ಮೊದಲ ಮ್ಯಾಚ್, ಜೈಂಟ್ಸ್ 8-0. ನಮ್ಮ ಹಾಗೆ ವಲಸೆ ಬಂದದ್ದು ಅದು. ನಾವು ಮಸಾಲೆ ಡಬ್ಬಿ ತಂದ ಹಾಗೆ ಅವರು ಜಗಳ ತಂದ್ರು, ಇಲ್ಲಿನ ಮಣ್ಣಲ್ಲಿ ಅದು ಬೇರು ಬಿಡ್ತು. ಬಿಟ್ಟು ಬಂದ ಬ್ರೂಕ್ಲಿನ್‌ನ ಜನ ಎಷ್ಟು ಅತ್ತಿರ್ತಾರೆ ಅನ್ನೋದು ನನಗೆ ಓಕ್ಲೆಂಡ್ ನೋಡಿದ್ಮೇಲೇ ಗೊತ್ತಾಗಿದ್ದು.

ನಮ್ಮ ಬಾರ್ಟ್ ರೈಲು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗ್ತಾ ಕೊಲಿಸಿಯಂ ಸ್ಟೇಷನ್ನಲ್ಲಿ ನಿಲ್ಲತ್ತೆ. ಬಾಗಿಲು ತೆಗೆದ್ರೆ ಕಾಣೋದು ಆ ಉದ್ದ ಕಾಲುಸೇತುವೆ, ಅದರಾಚೆ ಕಾಂಕ್ರೀಟ್ ಸ್ಟೇಡಿಯಂ. ಮೊದಲು ಹಸಿರು ಹಳದಿ ಅಂಗಿಯವರು ಗುಂಪಾಗಿ ಇಳೀತಿದ್ರು, ನಾವು ಕಿತ್ತಳೆ ಅಂಗಿಯವರು ಕೂತೇ ಇರ್ತಿದ್ವಿ, ಒಬ್ರಿಗೊಬ್ರು ಕೈ ಎತ್ತಿ ಕಿಚಾಯಿಸ್ತಿದ್ವಿ. 2024ರ ಸೆಪ್ಟೆಂಬರ್ 26ಕ್ಕೆ ಅಲ್ಲಿ ಆ ಹಸಿರು ಹಳದಿಯ ಓಕ್ಲೆಂಡ್ ಎ'ಸ್ ಟೀಮಿನ ಕೊನೇ ಮ್ಯಾಚ್, 46,889 ಜನ, ಟೆಕ್ಸಸ್ ಮೇಲೆ 3-2ಕ್ಕೆ ಗೆದ್ರು. ಮುಗಿದ್ಮೇಲೆ ಜನ ಹೋಗ್ಲಿಲ್ಲ, ಫೀಲ್ಡಿನ ಮಣ್ಣನ್ನ ಕವರಲ್ಲಿ, ಲೋಟದಲ್ಲಿ ತುಂಬಿಸ್ಕೊಂಡು ಹೋದ್ರು. ಮಾಲೀಕರು ಟೀಮನ್ನ ಸ್ಯಾಕ್ರಮೆಂಟೋಗೆ ತಗೊಂಡು ಹೋದ್ರು, ಮುಂದೆ ಲಾಸ್ ವೇಗಸ್ ಅಂತೆ. ಒಂದು ಕಾಲದಲ್ಲಿ ಅದೇ ಟೀಮನ್ನ ನಮ್ಮ ಫ್ರೀಮಾಂಟಿಗೆ ತರೋ ಪ್ಲಾನ್ ಇತ್ತು, ನಾನು ಬರೋಕೆ ಮುಂಚೆ 2009ರಲ್ಲೇ ಅದು ಬಿದ್ದು ಹೋಯ್ತು. ಬ್ಯಾಸ್ಕೆಟ್‌ಬಾಲ್‌ನ ವಾರಿಯರ್ಸ್ ನೀರು ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ್ರು, ಅಮೆರಿಕನ್ ಫುಟ್‌ಬಾಲ್‌ನ ರೇಡರ್ಸ್ ವೇಗಸ್‌ಗೆ, ಈಗ ಇವರು. ಐದಾರು ವರ್ಷದಲ್ಲಿ ಒಂದೇ ಊರಿಂದ ಮೂರು ಟೀಮ್. 1974ರ ಡಿಸೆಂಬರ್ 31ಕ್ಕೆ ಕ್ಯಾಟ್‌ಫಿಶ್ ಹಂಟರ್, ಮಾಲೀಕ ಕಾಂಟ್ರಾಕ್ಟ್ ಮುರಿದಿದ್ದಕ್ಕೆ ಬಿಡುಗಡೆ ಸಿಕ್ಕಿ, ಓಕ್ಲೆಂಡ್ ಬಿಟ್ಟು ಯಾಂಕೀಸ್‌ಗೆ ಸೈನ್ ಮಾಡಿದಾಗ ಅಲ್ಲಿಯವರು ಎಷ್ಟು ಬೈದಿದ್ರೋ, ಆದ್ರೆ ಅವನು ಒಬ್ಬ ಆಟಗಾರ, ಹೋದ, ಟೀಮ್ ಇತ್ತು, ಮಾರನೇ ಬೇಸಿಗೆಗೆ ಆಟ ಇತ್ತು. ಮಾಲೀಕ ಹೋದ್ರೆ ಬೇಸಿಗೇನೇ ಹೋಗತ್ತೆ. ಆಟಗಾರ ಊರು ಬದಲಾಯಿಸೋದು ನನಗೆ ನೋವು, ಮಾಲೀಕ ಬದಲಾಯಿಸೋದು ಅನ್ಯಾಯ, ಈ ವ್ಯತ್ಯಾಸದಲ್ಲಿ ನನಗೆ ಯಾವ ಅನುಮಾನಾನೂ ಇಲ್ಲ. ಈಗ ಕೊಲಿಸಿಯಂ ಸ್ಟೇಷನ್ನಲ್ಲಿ ಬಾಗಿಲು ತೆಗೆದಾಗ ಎ'ಸ್ ಗೇಮಿಗೆ ಅಂತ ಇಳಿಯೋರು ಯಾರೂ ಇಲ್ಲ. ಕಿತ್ತಳೆ ಅಂಗಿ ಹಾಕ್ಕೊಂಡ ನಾವೂ ಆ ಒಂದು ನಿಮಿಷ ಮಾತಾಡಲ್ಲ.

ಹಗೆ ಬಗ್ಗೆ ಇನ್ನೊಂದು ಹೇಳ್ಬೇಕು. 1965ರ ಆಗಸ್ಟ್ 22, ಜೈಂಟ್ಸ್ ಪಿಚರ್ ಹ್ವಾನ್ ಮಾರಿಚಾಲ್ ಜಗಳದಲ್ಲಿ ಡಾಡ್ಜರ್ಸ್ ಕ್ಯಾಚರ್ ಜಾನ್ ರೋಸ್‌ಬರೋ ತಲೆಗೆ ಬ್ಯಾಟಲ್ಲಿ ಹೊಡೆದುಬಿಟ್ಟ. ರಕ್ತ ಸುರಿಯೋ ಫೋಟೋ ಇದೆ, ನೋಡೋಕಾಗಲ್ಲ. ಹತ್ತು ವರ್ಷ ಆದ್ಮೇಲೆ ಅದೇ ಮಾರಿಚಾಲ್ ಕೊನೇ ಕಾಲದಲ್ಲಿ ಡಾಡ್ಜರ್ಸ್‌ಗೇ ಸೈನ್ ಮಾಡಿದ, 1975ರಲ್ಲಿ, ಎರಡೇ ಮ್ಯಾಚ್ ಆಡಿದ. ಲಾಸ್ ಏಂಜಲೀಸ್ ಜನ ಸಿಟ್ಟಾಗಿದ್ರು. ಆಗ ರೋಸ್‌ಬರೋನೇ ಅವನ ಪರ ನಿಂತು ಮಾತಾಡಿದ್ದು. ಮಾರಿಚಾಲ್‌ಗೆ ಬೇಸ್‌ಬಾಲ್‌ನ ದೊಡ್ಡ ಗೌರವ ಹಾಲ್ ಆಫ್ ಫೇಮ್ ಎರಡು ಸಲ ತಪ್ಪಿದಾಗಲೂ ಕ್ಷಮಿಸಿದೀನಿ ಅಂತ ಎಲ್ಲರ ಮುಂದೆ ಹೇಳಿದ್ದು ಅವನೇ, 1983ರಲ್ಲಿ ಸಿಕ್ತು. ರೋಸ್‌ಬರೋ ತೀರ್ಕೊಂಡಾಗ ಅಂತ್ಯಸಂಸ್ಕಾರದಲ್ಲಿ ಮಾರಿಚಾಲ್ ಮನೆಯವನ ಹಾಗೆ ನಿಂತಿದ್ದ. ಇದನ್ನ ತಮ್ಮನಿಗೆ ಫೋನಲ್ಲಿ ಹೇಳಿದಾಗ ಅವನೂ ಸುಮಾರು ಹೊತ್ತು ಸುಮ್ಮನಿದ್ದ.

ಬರಲ್ಲ ಅಂದವರ ಬಗ್ಗೆನೇ ಹೇಳ್ತಿದೀನಿ, ಬಂದವರ ಬಗ್ಗೆ ಹೇಳ್ದೇ ಇದ್ರೆ ಅನ್ಯಾಯ. ಒಟಾನಿ ಆದ ಒಂದು ವಾರದೊಳಗೆ ಕೊರಿಯಾದ ಜಂಗ್ ಹೂ ಲೀ ಜೈಂಟ್ಸ್‌ಗೆ ಬಂದ, ಆರು ವರ್ಷ 113 ಮಿಲಿಯನ್. ಪ್ರೆಸ್ ಮೀಟಲ್ಲಿ ಅಂಗಿ ಟೋಪಿ ಹಾಕ್ಕೊಂಡು, ಕಲಿತು ಬಂದಿದ್ದ ಇಂಗ್ಲಿಷಲ್ಲಿ "ಹ್ಯಾಂಡ್‌ಸಮ್?" ಅಂತ ಕೇಳಿದ, ರೂಮೆಲ್ಲಾ ನಕ್ತು. ಮಗಳು ಆ ವಿಡಿಯೋನ ಎಷ್ಟು ಸಲ ನೋಡಿದ್ಲೋ. ಹುಟ್ಟಿದಹಬ್ಬಕ್ಕೆ ಅವನ 51ನೇ ನಂಬರ್ ಅಂಗಿ ಬೇಕು ಅಂದ್ಲು. ಮೊದಲನೇ ವರ್ಷ ಮೇ ತಿಂಗಳಲ್ಲಿ ಕ್ಯಾಚ್ ಹಿಡಿಯೋಕೆ ಹೋಗಿ ಗೋಡೆಗೆ ಗುದ್ದಿ ಭುಜ ಜಾರಿ ಸೀಸನ್ನೇ ಮುಗೀತು, ಇವಳು ರಾತ್ರಿ ಊಟ ಮಾಡ್ಲಿಲ್ಲ. ಆಮೇಲೆ 2024ರ ಡಿಸೆಂಬರಲ್ಲಿ ವಿಲಿ ಅಡಾಮೆಸ್ ಬಂದ, ಏಳು ವರ್ಷ 182 ಮಿಲಿಯನ್, ಅಷ್ಟೊತ್ತಿಗೆ ಪೋಸಿನೇ ಟೀಮ್ ನಡೆಸೋ ಪ್ರೆಸಿಡೆಂಟ್ ಆಗಿದ್ರು, ತಮಗೆ ಸಿಕ್ಕಿದ್ದ ಕಾಂಟ್ರಾಕ್ಟಿಗಿಂತ ದೊಡ್ಡದು ಅವನಿಗೆ ಕೊಟ್ರು. ಅಡಾಮೆಸ್ 2025ರಲ್ಲಿ 30 ಹೋಮ್ ರನ್ ಹೊಡೆದ, ಕೊನೇದು ಕೊನೇ ದಿನ. ಬಾಂಡ್ಸ್ 2004ರಲ್ಲಿ ಹೊಡೆದ ಮೇಲೆ ಈ ಊರಿನ ಟೀಮಲ್ಲಿ ಯಾರೂ ಮೂವತ್ತು ಮುಟ್ಟಿರ್ಲಿಲ್ಲ. ಇತ್ತ ಬ್ಲೇಕ್ ಸ್ನೆಲ್ ನಮಗೋಸ್ಕರ 2024ರ ಆಗಸ್ಟ್ 2ಕ್ಕೆ ನೋ-ಹಿಟ್ಟರ್ ಎಸೆದ, ಅಂದ್ರೆ ಎದುರು ಟೀಮಿಗೆ ಇಡೀ ಮ್ಯಾಚಲ್ಲಿ ಒಂದು ಹಿಟ್ಟೂ ಕೊಡ್ಲಿಲ್ಲ, ನವೆಂಬರಲ್ಲಿ ಡಾಡ್ಜರ್ಸ್‌ಗೆ ಹೋದ. ಆ ರಾತ್ರಿ ನಾವು ಸೋಫಾ ಮೇಲೆ ಕುಣಿದಿದ್ವಿ, ಆ ರಾತ್ರಿ ನಮ್ಮದೇ, ಅದನ್ನ ಯಾರೂ ತಗೊಂಡು ಹೋಗೋಕಾಗಲ್ಲ.

2025ರ ಏಪ್ರಿಲ್ 10ಕ್ಕೆ ರಾಹುಲ್ ಚಿನ್ನಸ್ವಾಮಿಲಿ ಆರ್‌ಸಿಬಿ ಮೇಲೆ ಡೆಲ್ಲಿ ಪರ 93 ನಾಟೌಟ್ ಹೊಡೆದು, ನೆಲದ ಮೇಲೆ ಬ್ಯಾಟಲ್ಲಿ ಗೆರೆ ಎಳೆದು, ಇದು ನನ್ನ ಜಾಗ ಅಂತ ತೋರಿಸಿದ್ನಲ್ಲ, ಆಗ ಅಪ್ಪನಿಗೆ ಫೋನ್ ಮಾಡಿದ್ದೆ. ಬೇಜಾರಲ್ಲಿರ್ತಾರೆ ಅಂದ್ಕೊಂಡಿದ್ದೆ. "ನಮ್ಮ ಹುಡುಗ ಕಣೋ, ಎಲ್ಲಿದ್ರೇನು, ಎಷ್ಟು ಚೆನ್ನಾಗಿ ಆಡ್ದ" ಅಂದ್ರು. ಆಮೇಲೆ ಸ್ವಲ್ಪ ತಡೆದು, "ನಿನ್ನ ಊಟ ಆಯ್ತಾ" ಅಂದ್ರು.

ಅದೇ ವರ್ಷ ಸೆಪ್ಟೆಂಬರಲ್ಲಿ ತಮ್ಮನ ಮನೆಗೆ ಹೋಗಿದ್ವಿ. 19ನೇ ತಾರೀಕು ಶುಕ್ರವಾರ, ಡಾಡ್ಜರ್ ಸ್ಟೇಡಿಯಂನಲ್ಲಿ ಜೈಂಟ್ಸ್ ಜೊತೆ ಮ್ಯಾಚ್, ನಾವು ಮನೇಲಿ ಟಿವಿ ಮುಂದೆ, ಹಿಂದಿನ ದಿನ ತಾನೇ ಡಾಡ್ಜರ್ಸ್ ಪಿಚರ್ ಕ್ಲೇಟನ್ ಕರ್ಷಾ ರಿಟೈರ್ ಆಗ್ತೀನಿ ಅಂದಿದ್ದ. ಹದಿನೆಂಟು ಸೀಸನ್, 2008ರಿಂದ ಒಂದೇ ಟೀಮ್, ನಮ್ಮ ಕೊಹ್ಲಿ ಆರ್‌ಸಿಬಿಲಿದ್ದ ಹಾಗೇ, ವರ್ಷಾನೂ ಅದೇ. ಕರ್ಷಾ ಊರು ಟೆಕ್ಸಸ್‌ನ ಡಲ್ಲಾಸ್, ಫ್ರೀ ಏಜೆಂಟ್ ಆದಾಗೆಲ್ಲಾ ಈ ಸಲ ಊರಿಗೆ ಹೋಗ್ತಾನೆ ಅಂತ ಮಾತು ಬರ್ತಿತ್ತು, ಪ್ರತಿ ಸಲ ಲಾಸ್ ಏಂಜಲೀಸ್‌ಗೇ ಸೈನ್ ಮಾಡ್ತಿದ್ದ. ಹದಿನೈದು ವರ್ಷ ನನ್ನ ಸಂಜೆಗಳನ್ನ ಹಾಳು ಮಾಡಿದ ಮನುಷ್ಯ. ಮೊದಲನೇ ಬ್ಯಾಟರೇ, ನಮ್ಮ ಹೀಲಿಯಟ್ ರಾಮೋಸ್, ಹೋಮ್ ರನ್ ಹೊಡೆದ, ಮಗಳು ಕಿರುಚಿದ್ಲು. ಐದನೇ ಇನ್ನಿಂಗ್ಸಲ್ಲಿ ರಾಫೇಲ್ ಡೆವರ್ಸ್‌ನ ಸ್ಟ್ರೈಕೌಟ್ ಮಾಡಿ ಕರ್ಷಾ ಹೊರಗೆ ನಡೆದ. ಕ್ಯಾಮೆರಾ ನಮ್ಮ ಡಗೌಟ್ ಕಡೆ ತಿರುಗ್ತು, ಜೈಂಟ್ಸ್ ಆಟಗಾರರು ನಿಂತು ಚಪ್ಪಾಳೆ ಹೊಡೀತಿದ್ರು. ತಮ್ಮ ಎದ್ದು ಅಡುಗೆಮನೆಗೆ ಹೋದ, ಮುಖ ತೋರಿಸ್ಬಾರ್ದು ಅಂತ. 51ನೇ ನಂಬರ್ ಅಂಗಿ ಹಾಕ್ಕೊಂಡಿದ್ದ ನನ್ನ ಮಗಳು ನನ್ನ ಕಡೆ ಒಂದ್ಸಲ ನೋಡಿದ್ಲು. ನಾನು ಎದ್ದು ನಿಂತೆ, ಅವಳೂ ನಿಂತ್ಲು, ಇಬ್ರೂ ಚಪ್ಪಾಳೆ ಹೊಡೆದ್ವಿ.

ಭಾನುವಾರ ಐ-5 ಹೈವೇಲಿ ವಾಪಸ್ ಬರ್ತಿದ್ವಿ. ಕೋಲಿಂಗಾ ಹತ್ರ ದನಗಳ ವಾಸನೆಗೆ ಕಿಟಕಿ ಏರಿಸಿದ್ವಿ, ಎರಡೂ ಕಡೆ ಬಾದಾಮಿ ತೋಟ. ಹೆಂಡತಿ ನಿದ್ದೆ ಮಾಡ್ತಿದ್ಲು. ಹಿಂದಿನ ಸೀಟಿಂದ ಮಗಳು ಕೇಳಿದ್ಲು, ಕರ್ಷಾಗೆ ಅವರೂರಿಗೆ ಹೋಗ್ಬೇಕು ಅನ್ಸೇ ಇಲ್ವಾ ಅಪ್ಪಾ ಅಂತ. ಹೋಗ್ತಾನಲ್ಲ ಪುಟ್ಟಾ, ಸೀಸನ್ ಮುಗಿದ್ಮೇಲೆ ಪ್ರತಿ ಚಳಿಗಾಲ ಡಲ್ಲಾಸಲ್ಲೇ ಇರ್ತಾನೆ ಅಂದೆ. ಅವಳು ಸ್ವಲ್ಪ ಯೋಚನೆ ಮಾಡಿದ್ಲು.

"ಹಂಗಾದ್ರೆ ನಾವು ಉಲ್ಟಾ," ಅಂದ್ಲು. "ನಾವು ಸಮ್ಮರ್‌ಗೆ ಮೈಸೂರು, ವಿಂಟರ್‌ಗೆ ಇಲ್ಲಿ."